ಅಕ್ಕಿಕಾಳು ಕಾಣುವಷ್ಟು ನಿಧಾನ

ಧೂಳು ಕಾದ ವಾಸನೆ ಎಂದರೆ ಬೇರೆಯವರಿಗೆ ಬೇಸಿಗೆಯ ರಸ್ತೆ ನೆನಪಾಗಬಹುದು. ನನಗೆ ನೆನಪಾಗುವುದು ಕಂಪ್ಯೂಟರಿನ ಫ್ಯಾನು. ಹೋದ ತಿಂಗಳು ಶಾಲೆಯ ಕೆಲಸಕ್ಕೆಂದು ಕೊರಟಗೆರೆಯಿಂದ ಮಧುಗಿರಿಗೆ ಹೋಗಿದ್ದೆ. ವಾಪಸ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಜೆರಾಕ್ಸ್ ಮಾಡಿಸಲು ನಿಂತಿದ್ದಾಗ ಅಂಗಡಿಯವನು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಒಳಕ್ಕೆ ಉಫ್ ಎಂದು ಊದಿದ. ಬಿಸಿ ಧೂಳು ನನ್ನ ಮುಖಕ್ಕೇ ಬಂತು. ಅವನು ಸಾರಿ ಮೇಡಂ ಎಂದ. ನಾನು ಪರವಾಗಿಲ್ಲ ಎಂದೆನೋ ಇಲ್ಲವೋ, ಅದು ಮಾತ್ರ ನೆನಪಿಲ್ಲ. ಅದೇ ಸಾಲಿನ ಕೊನೆಯ ಕಟ್ಟಡದ ಮಹಡಿಯಲ್ಲಿ ಗಂಗಣ್ಣನ ಸ್ಟುಡಿಯೋ ಇತ್ತು. ಈಗ ಅಲ್ಲಿ ಕನ್ನಡಕದ ಅಂಗಡಿ. ನಾನು ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು, ಅಲ್ಲಿ ಕಳೆದ ಒಂದು ಬೇಸಿಗೆಯನ್ನು ಮೊದಲಿನಿಂದ ನೆನಪು ಮಾಡಿಕೊಂಡೆ.

ಮದುವೆಯ ವಿಡಿಯೋ ಕತ್ತರಿಸಿ, ಜೋಡಿಸಿ, ಹಾಡು ಕೂರಿಸುವುದಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ಆ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡುತ್ತಿದ್ದವಳು ನಾನು. ಯಜಮಾನ ಗಂಗಣ್ಣ. ಕ್ಯಾಮೆರಾ ಹಿಡಿಯುತ್ತಿದ್ದವನು ಶಿರಾದ ಸಾದಿಕ್. ಕಿಟಕಿ ತೆಗೆದರೆ ಎದುರಿಗೇ ಬೆಟ್ಟ, ಒಂದೇ ಬಂಡೆ. ಅದು ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನು ನಮ್ಮ ಕೋಣೆಗೆ ವಾಪಸ್ ಕೊಡುತ್ತಿತ್ತು. ಆ ವರ್ಷ ಬೇಸಿಗೆಯಲ್ಲಿ ಮುಹೂರ್ತಗಳು ಬಹಳ ಇದ್ದವು. ಕೊರಟಗೆರೆ, ಪಾವಗಡ, ಶಿರಾ, ಎಲ್ಲ ಕಡೆಯಿಂದ ಮೆಮೊರಿ ಕಾರ್ಡುಗಳು ಬಂದು ಮೇಜಿನ ಮೇಲಿನ ಸ್ಟೀಲ್ ಡಬ್ಬಿಯಲ್ಲಿ ತುಂಬುತ್ತಿದ್ದವು.

ನಮ್ಮ ಹಳೆಯ ಸಾಫ್ಟ್‌ವೇರಿಗೆ ಗಂಗಣ್ಣನ ಮದುವೆಯಷ್ಟೇ ವಯಸ್ಸಾಗಿದೆ ಎಂದು ಸಾದಿಕ್ ಹೇಳುತ್ತಿದ್ದ. ಅದರಲ್ಲಿ ಸಿದ್ಧ ಚಿತ್ರಗಳ ರಾಶಿಯೇ ಇತ್ತು. ಗುಲಾಬಿ ಬಿರಿದು ಒಳಗಿನಿಂದ ಮದುಮಗ ಬರುತ್ತಿದ್ದ. ಸೇಬು ಎರಡಾಗಿ ಅದರೊಳಗೆ ಮದುಮಗಳು ನಗುತ್ತಿದ್ದಳು. ಜನಕ್ಕೆ ಅದು ಇಷ್ಟ, ನನಗೂ ಕೈಗೆ ಕೂತಿತ್ತು. ಆದರೆ ಆ ವರ್ಷ ಗಂಗಣ್ಣ ಹೊಸ ಕ್ಯಾಮೆರಾ ತಂದಿದ್ದ. ಅದರ ಚಿತ್ರ ಎಷ್ಟು ದೊಡ್ಡದೆಂದರೆ ಹಳೆಯ ಕಂಪ್ಯೂಟರಿನಲ್ಲಿ ಪುರೋಹಿತರ ಕೈ ಎದ್ದರೆ ಇಳಿಯಲು ನಾವು ಕಾಯಬೇಕಿತ್ತು. ಎಲ್ಲ ಮುಗಿದ ಮೇಲೆ ಇಡೀ ಮದುವೆಯನ್ನು ಒಂದು ಸಿನಿಮಾ ಮಾಡಿ ಬರೆದುಕೊಡಲು ಕಂಪ್ಯೂಟರಿಗೆ ಹೇಳುತ್ತೇವಲ್ಲ, ಆ ರೆಂಡರ್ ಬೆಳಿಗ್ಗೆ ಶುರುವಾದರೆ ಸಂಜೆಯಾದರೂ ಮುಗಿಯುತ್ತಿರಲಿಲ್ಲ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ.

"ಪಾವಗಡದಾಗೆ ಬಿಸ್ಲು ಹಿಡ್ದು ದೇಶಕ್ಕೆಲ್ಲ ಕರೆಂಟ್ ಕಳಿಸ್ತಾವ್ರೆ, ನಂ ರೆಂಡರ್‌ಗೆ ಮಾತ್ರ ಇಲ್ಲ ನೋಡಮ್ಮ" ಎಂದು ಗಂಗಣ್ಣ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

ತುಮಕೂರಿನ ಕಂಪ್ಯೂಟರ್ ಅಂಗಡಿಯವನು ಎರಡು ಮಾತು ಹೇಳಿದ. ಒಂದು, ಸಾಫ್ಟ್‌ವೇರ್ ಬದಲಾಯಿಸಿ. ಎರಡು, ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಹಾರ್ಡ್‌ವೇರ್ ಆಕ್ಸಿಲರೇಷನ್ ಆನ್ ಮಾಡಿ. ಅಂದರೆ, ಪ್ರೊಸೆಸರ್ ಒಂದೇ ಕೂತು ಮಾಡುವ ಲೆಕ್ಕವನ್ನು ಆ ಕಾರ್ಡಿಗೆ ಹಂಚಿಕೊಡುವುದು. ನೋಡಿ ಆಮೇಲೆ ಹೇಳಿ ಎಂದು ಒಂದು ಕಾರ್ಡನ್ನೂ, ಕೆಲವು ದಿನ ಮಾತ್ರ ನಡೆಯುವ ಹೊಸ ಸಾಫ್ಟ್‌ವೇರನ್ನೂ ಕೊಟ್ಟು ಕಳಿಸಿದ. ಹೊಸದರಲ್ಲಿ ಗುಲಾಬಿಯೂ ಇಲ್ಲ, ಸೇಬೂ ಇಲ್ಲ. ಬರೀ ಬೂದುಬಣ್ಣದ ಕಿಟಕಿಗಳು.

"ಇದ್ರಾಗೆ ಹೂವೆಲ್ಲಿ ಬೀಳುತ್ತೆ?" ಎಂದು ಗಂಗಣ್ಣ ಕೇಳಿದ.

"ನಾವೇ ಮಾಡ್ಕೋಬೇಕಂತೆ."

"ಹೂವ ನಾವೇ ಮಾಡದಾದ್ರೆ ಇದುಕ್ಯಾಕೆ ಕಾಸು?"

ಈ ಮಾತು ದಿನಾ ನಡೆಯುತ್ತಿತ್ತು. ಹಳೆಯದು ಬೇಕೆಂದು ಒಂದು ದಿನ, ಹೊಸದು ಬೇಕೆಂದು ಒಂದು ದಿನ. ನಾನೂ ನಿರ್ಧಾರ ಮಾಡಿರಲಿಲ್ಲ.

ಆ ಹೊತ್ತಿನಲ್ಲೇ ಪಾವಗಡದ ಛತ್ರದಲ್ಲಿ ಆದ ಒಂದು ಮದುವೆಯ ಮೆಮೊರಿ ಕಾರ್ಡುಗಳು ಬಂದವು. ಹುಡುಗಿ ನಾಗಲಮಡಿಕೆಯ ಶಶಿಕಲಾ. ಹುಡುಗ ಬರಗೂರಿನ ಕಡೆಯವನು. ಸಾದಿಕ್ ಮುಖ್ಯ ಕ್ಯಾಮೆರಾ ಹಿಡಿದು ಮಂಟಪದ ಮುಂದಿದ್ದ. ಇನ್ನೊಂದು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಪಕ್ಕದಲ್ಲಿ ನಿಲ್ಲಿಸಿ, ಇಡೀ ಮಂಟಪ ಬರುವ ಹಾಗೆ ಇಟ್ಟಿದ್ದ. ಮುಹೂರ್ತದ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ತಾಗಿ ಅದು ತಿರುಗಿಬಿಟ್ಟಿತ್ತು. ಚಿತ್ರದಲ್ಲಿ ಎಡಕ್ಕೆ ಮಂಟಪದ ಅರ್ಧ, ಬಲಕ್ಕೆ ಛತ್ರದ ಒಂದು ಕಂಬ, ಅದರ ಹಿಂದೆ ಕತ್ತಲು. ಗಂಗಣ್ಣ ಬೈದ.

"ಕಂಬುಕ್ಕೆ ತಾಳಿ ಕಟ್ಸ್‌ದ್ಯೇನೋ ಸಾದಿಕ್?"

"ಅರೇ ಅಣ್ಣಾ, ನಾನ್ ತಳ್ಳಿಲ್ಲ. ನಿಮ್ ಹೆಂಗಸ್ರೇ ತಳ್ಳಿದ್ದು. ಮುಹೂರ್ತಕ್ಕೆ ಬಂದಿದ್ರೋ ರೇಷನ್‌ಗೆ ಬಂದಿದ್ರೋ, ಖುದಾಗೇ ಗೊತ್ತು."

ಆ ಕ್ಯಾಮೆರಾದ ಮೆಮೊರಿ ಕಾರ್ಡು ಕೆಲಸಕ್ಕೆ ಬಾರದ್ದೆಂದು ಪಕ್ಕಕ್ಕಿಟ್ಟೆವು. ಅಳಿಸಿ ಮುಂದಿನ ಮದುವೆಗೆ ಕೊಡುವುದಿತ್ತು.

ಒಂದು ಮಧ್ಯಾಹ್ನ ಶಶಿಕಲಾ ಒಬ್ಬಳೇ ಬಂದಳು. ಕೈಯಲ್ಲಿ ಬಟ್ಟೆ ಅಂಗಡಿಯ ಕವರಿತ್ತು. ಕತ್ತಿನಲ್ಲಿ ಅರಿಶಿನದ ದಾರ ಇನ್ನೂ ಹೊಸದಾಗಿತ್ತು. ಶಿರಾಕ್ಕೆ ಬಟ್ಟೆ ತರಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಅಲ್ಲಿಂದ ಮಧುಗಿರಿ ಬಸ್ಸು ಹತ್ತಿ ಬಂದಿದ್ದಳು. ನೀರು ಕೊಟ್ಟೆ. ಕುಡಿದು, ಗಂಗಣ್ಣ ಹೊರಗೆ ಹೋಗುವವರೆಗೆ ಕಾದು, ಕೇಳಿದಳು.

"ಅಕ್ಕ, ವಿಡಿಯೋದಲ್ಲಿ ನಮ್ಮಮ್ಮ ಎಲ್ಲಾದ್ರೂ ಕಾಣ್ತಾಳೇನಕ್ಕ?"

ಅವಳ ತಂದೆ ಇರಲಿಲ್ಲ. ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದಿದ್ದರು. ಗಂಡನಿಲ್ಲದ ತಾಯಿ ಧಾರೆಯ ಹೊತ್ತಿನಲ್ಲಿ ಮಂಟಪದ ಹತ್ತಿರ ಬರಬಾರದು, ಅಕ್ಷತೆ ಹಾಕಬಾರದು ಎಂಬ ಪದ್ಧತಿಯನ್ನು ಆ ಮನೆಯವರು ಬಿಟ್ಟಿರಲಿಲ್ಲ. ನಮ್ಮ ಕಸುಬಿನಲ್ಲೂ ಅದಕ್ಕೆ ತಕ್ಕ ಪದ್ಧತಿ ಇತ್ತು. ಶಾಸ್ತ್ರದ ನಡುವೆ ಅಂಥ ಮುಖ ಬಂದರೆ ಲೈಟ್ ಹಿಡಿದವನು ಲೈಟನ್ನು ಆಚೆ ತಿರುಗಿಸುತ್ತಿದ್ದ. ಅಷ್ಟಾಗಿಯೂ ಬಂದರೆ ಮಿಕ್ಸಿಂಗಿನಲ್ಲಿ ತೆಗೆಯುವುದು. ಇದನ್ನು ಯಾರೂ ನಿಯಮ ಎಂದು ಕರೆಯುತ್ತಿರಲಿಲ್ಲ. ಹಾಗೆ ನಡೆದು ಬಂದಿತ್ತು.

"ಧಾರೆ ಹೊತ್ನಾಗೆ ನಾನು ತಲೆ ಎತ್ತಿ ನೋಡ್ದೆ ಅಕ್ಕ. ಎಲ್ಲೂ ಇರ್ಲಿಲ್ಲ. ಕೇಳಿದ್ರೆ, 'ನೋಡ್ದೆ ಕಣೇ, ಚೆನ್ನಾಗ್ ನೋಡ್ದೆ' ಅಂತಾಳೆ. ಚಿಕ್ಕಮ್ಮ ಮಾತ್ರ, 'ಉಗ್ರಾಣದಾಗೆ ಕೂರ್ಸಿದ್ವಿ, ಬೀಗದ ಕೈ ಅವಳತ್ರಾನೇ ಇತ್ತು' ಅಂತಾಳೆ. ಅಮ್ಮ ಸುಳ್ಳು ಹೇಳ್ತಾಳೆ ಅಂತಲ್ಲ. ನನ್ ಸಮಾಧಾನಕ್ಕೆ ಹೇಳ್ತಾವ್ಳೇನೋ ಅಂತ."

ಕವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಮತ್ತೆ ಹೇಳಿದಳು.

"ಇಲ್ದಿದ್ರೆ ಇಲ್ಲ ಅಂತ್ಲೇ ಹೇಳಿ. ಮದ್ವೆ ಆದಾಗಿಂದ ತುತ್ತು ಇಳೀತಿಲ್ಲ. ನಾನ್ ಯಾಕೆ ಎದ್ದೋಗಿ ಕರ್ಕೊಂಡ್ ಬರ್ಲಿಲ್ಲ ಅಂತ ಅದೇ ಯೋಚ್ನೆ. ಆಷಾಢಕ್ಕೆ ತವರಿಗೆ ಹೋಗ್ತೀನಿ. ಅವಳ ಎದ್ರಿಗೆ ಕೂತ್ಕೋಬೇಕು ನಾನು. ವಿಡಿಯೋದಾಗಿದ್ರೆ ಇಬ್ರೂ ಒಟ್ಟಿಗೇ ಕೂತು ನೋಡ್ಬೇಕು."

ಮೊಬೈಲಿನಲ್ಲಿದ್ದ ತಾಯಿಯ ಫೋಟೋ ತೋರಿಸಿದಳು. ನೋಡಿ ಹೇಳುತ್ತೇನೆ ಎಂದೆ. ಅವಳು ಹೋದ ಮೇಲೆ ಮುಖ್ಯ ಕ್ಯಾಮೆರಾದ ಧಾರೆಯ ಭಾಗವನ್ನೆಲ್ಲ ನೋಡಿದೆ. ತಾಯಿ ಇರಲಿಲ್ಲ. ಆಗ ಪಕ್ಕಕ್ಕಿಟ್ಟ ಕಾರ್ಡು ನೆನಪಾಯಿತು. ಡಬ್ಬಿಯಲ್ಲಿ ಹುಡುಕಿದೆ. ಅದನ್ನಿನ್ನೂ ಅಳಿಸಿರಲಿಲ್ಲ.

ಕಂಬದ ಹಿಂದೆ ಕತ್ತಲಿನಲ್ಲಿ ಏನೋ ಒಂದು ಕದಲಿತು. ಅಷ್ಟೇ ಕಂಡಿದ್ದು. ಹಳೆಯ ಸಾಫ್ಟ್‌ವೇರಿನಲ್ಲಿ ಬೆಳಕು ಹೆಚ್ಚು ಮಾಡಿದೆ. ಕತ್ತಲಿನ ಜೊತೆ ಮಂಟಪವೂ ಬೆಳಗಿ, ಮದುಮಕ್ಕಳು ಸುಣ್ಣ ಬಳಿದವರಂತೆ ಬೆಳ್ಳಗಾದರು. ಅದಕ್ಕೆ ಚಿತ್ರದ ಒಂದು ಮೂಲೆಯನ್ನು ಮಾತ್ರ ಬೇರೆಯಾಗಿ ನೋಡುವುದು ಗೊತ್ತಿರಲಿಲ್ಲ. ಹೊಸದಕ್ಕೆ ಗೊತ್ತಿತ್ತು. ಕಂಬದ ಸುತ್ತ ಒಂದು ಗೆರೆ ಎಳೆದು, ಗೆರೆಯ ಒಳಗೆ ಮಾತ್ರ ಬೆಳಕು ಏರಿಸುತ್ತಾ ಹೋದೆ. ಕತ್ತಲನ್ನು ಹಾಗೆ ಎತ್ತಿದರೆ ಅದರಲ್ಲಿ ಮರಳು ಎರಚಿದ ಹಾಗೆ ಚುಕ್ಕಿಗಳು ಏಳುತ್ತವೆ. ಅವನ್ನು ತುಸುತುಸುವೇ ಇಳಿಸಬೇಕು. ತುಮಕೂರಿನ ಆ ಗ್ರಾಫಿಕ್ಸ್ ಕಾರ್ಡು ಇಲ್ಲದಿದ್ದರೆ ಪ್ರತಿ ಸಲವೂ ಕಾಯಬೇಕಿತ್ತು. ಅದಿದ್ದದ್ದರಿಂದ ನಾನು ಗುಂಡಿ ತಿರುಗಿಸಿದ ಹಾಗೇ ಪರದೆಯ ಚಿತ್ರವೂ ಬದಲಾಗುತ್ತಿತ್ತು. ಮೊದಲು ಸೀರೆಯ ಅಂಚು ಬಂತು. ಆಮೇಲೆ ಕಂಬ ಹಿಡಿದ ಒಂದು ಕೈ. ಆಮೇಲೆ ಮುಖ.

ಆಕೆ ಅಲ್ಲೇ ಇದ್ದರು. ಕಂಬಕ್ಕೆ ಕೆನ್ನೆ ಒತ್ತಿ ನಿಂತಿದ್ದರು.

ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ವಾದ್ಯ ಜೋರಾಯಿತು. ಮದುಮಗ ತಾಳಿ ಎತ್ತಿದ. ಆಕೆ ಹಿಂದೆ ತಿರುಗಿ ನೋಡಿದರು, ಯಾರೂ ಇಲ್ಲವೆಂದು ಕಂಡುಕೊಂಡರು. ಸೆರಗಿನ ತುದಿಯ ಗಂಟು ಬಿಚ್ಚಿದರು. ಮುಂದೆ ಎಲ್ಲರ ಕೈಗಳೂ ಎದ್ದು ಅಕ್ಷತೆ ಬಿದ್ದಾಗ ಆಕೆಯ ಕೈಯೂ ಎದ್ದಿತು. ಅರಿಶಿನ ಹಚ್ಚಿದ ಅಕ್ಷತೆಯಲ್ಲ, ಬಿಳಿಯ ಅಕ್ಕಿ. ಉಗ್ರಾಣದಿಂದ ತಂದದ್ದಿರಬೇಕು. ಕಾಳುಗಳು ಕತ್ತಲಿನಿಂದ ಹೊರಬಂದು, ಕಂಬಕ್ಕೂ ಮಂಟಪಕ್ಕೂ ನಡುವಿನ ನೆಲದ ಮೇಲೆ ಬಿದ್ದವು.

ನಾನು ಕುರ್ಚಿಯಿಂದ ಎದ್ದೆ. ಯಾಕೆ ಎದ್ದೆನೋ ತಿಳಿಯದು. ಎದ್ದು ಕಿಟಕಿಯ ಹತ್ತಿರ ಹೋಗಿ ಬಂಡೆಯ ಕಡೆ ಮುಖ ಮಾಡಿ ನಿಂತೆ. ಮತ್ತೆ ಬಂದು ಇನ್ನೊಮ್ಮೆ ನೋಡಿದೆ. ಸಾದಿಕ್‌ನನ್ನು ಕರೆದೆ. ಅವನು ನೋಡಿ, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಗಂಗಣ್ಣನಿಗೂ ತೋರಿಸಿದೆವು. ಅವನು ಪರದೆಯನ್ನೇ ನೋಡುತ್ತಾ ಹೇಳಿದ.

"ಇದು ಗಂಡಿನ್ ಕಡೇರ ಕಣ್ಣಿಗೆ ಬಿದ್ರೆ ಆ ಹುಡ್ಗೀನ ಬುಡಲ್ಲ ಕಣಮ್ಮ. ನಾಳೆ ಮನೇಲಿ ಒಂದು ಹಸು ಸತ್ರೂ ಇವ್ಳ ಅಮ್ಮನ್ ಅಕ್ಕಿ ಅಂತಾರೆ. ಅವಳನ್ನಷ್ಟೇ ಕರ್ದು ತೋರ್ಸು. ಸಿನಿಮಾದಾಗೆ ಹಾಕ್‌ಬ್ಯಾಡ."

"ಅವ್ಳು ಅಮ್ಮನ ಜೊತೆ ಕೂತು ನೋಡ್ಬೇಕು ಅಂದಿದಾಳೆ ಅಣ್ಣ."

ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಮತ್ತೆ ಬೇಡ ಎನ್ನಲಿಲ್ಲ.

ಧಾರೆಯ ನಡುವೆ ಕಂಬದ ಆ ಚಿತ್ರವನ್ನು ಸೇರಿಸಿ, ಮೊದಲ ಸಲ ಕಾರ್ಡಿನ ಮೂಲಕವೇ ರೆಂಡರ್ ಹಾಕಿದೆ. ನಾವು ಟೀ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಗಂಗಣ್ಣ ಹಿಗ್ಗಿಹೋದ. "ಏ ಇವ್ನ! ಇಷ್ಟು ದಿನ ನಾವು ಎತ್ತಿನ್ ಗಾಡಿ ಹೊಡೀತಿದ್ವಲ್ಲ!" ಎಂದ. ಓಡಿಸಿ ನೋಡಿದೆವು. ಮಂಟಪ ಚೆನ್ನಾಗಿತ್ತು. ಹೋಮದ ಹೊಗೆ ಅಲ್ಲಲ್ಲಿ ಚೌಕ ಚೌಕವಾಗಿತ್ತು, ಅದನ್ನು ಯಾರೂ ಗಮನಿಸುವುದಿಲ್ಲ. ಕಂಬದ ಜಾಗ ಬಂತು. ಆಕೆಯ ಮುಖ ಒದ್ದೆ ಗೋಡೆಯ ಮೇಲಿನ ಕಲೆಯ ಹಾಗಿತ್ತು. ಕೈ ಎದ್ದಿತು. ಅಕ್ಕಿ ಇರಲಿಲ್ಲ.

ಅಕ್ಕಿ ಇರಲೇ ಇಲ್ಲ. ಬರಿಯ ಕೈ ಎದ್ದು ಇಳಿಯಿತು. ಅವಸರದಲ್ಲಿ ಬರೆಯುವ ಯಂತ್ರಕ್ಕೆ ಕತ್ತಲಿನ ಮರಳು ಚುಕ್ಕಿಯೂ ಅಕ್ಕಿಕಾಳೂ ಒಂದೇ. ಎರಡನ್ನೂ ಕಸವೆಂದು ಒರೆಸಿ ನುಣ್ಣಗೆ ಮಾಡಿತ್ತು. ಗುಣಮಟ್ಟದ ಅಂಕೆಗಳನ್ನು ಬದಲಿಸಿ ಮತ್ತೆ ಮತ್ತೆ ಹಾಕಿದೆ. ಒಮ್ಮೆ ಒಂದೆರಡು ಕಾಳು ಬಂದು ಮಾಯವಾದವು. ಫೈಲು ದೊಡ್ಡದಾಗುತ್ತಾ ಹೋಯಿತೇ ಹೊರತು, ಪೆನ್‌ಡ್ರೈವಿನಿಂದ ಮನೆಯ ಟೀವಿಯಲ್ಲಿ ಓಡುವ ಹಾಗೆ, ಅಕ್ಕಿಯೂ ಉಳಿಯುವ ಹಾಗೆ ಆಗಲಿಲ್ಲ.

ಇನ್ನೊಂದು ದಾರಿ ಇತ್ತು. ಕಾರ್ಡಿನ ಹಂಗಿಲ್ಲದೆ ಪ್ರೊಸೆಸರ್ ಒಂದೇ ಇಡೀ ಸಿನಿಮಾವನ್ನು ಎರಡು ಸಲ ಹಾಯುವುದು. ಮೊದಲ ಸಲ ಬರೀ ನೋಡುತ್ತದೆ, ಎಲ್ಲಿ ಏನು ಸೂಕ್ಷ್ಮ ಇದೆ ಎಂದು. ಎರಡನೆಯ ಸಲ ಬರೆಯುತ್ತದೆ. ಬಹಳ ನಿಧಾನ. ಅದನ್ನು ಗಂಗಣ್ಣನಿಗೆ ಹೇಳಿದಾಗ ಅವನು ಬಾಗಿಲಲ್ಲಿ ನಿಂತು ಯೋಚಿಸಿದ.

"ಕಡ್ಲೆಕಾಯ್ ಮಿಷನ್ ನೋಡಿದ್ಯಲ್ಲಮ್ಮ? ಎಣ್ಣೆಗೆ, ವ್ಯಾಪಾರಕ್ಕೆ ಅಂದ್ರೆ ಮೂಟೆಗಟ್ಲೆ ಅದುಕ್ಕೇ ಸುರೀತಾರೆ. ಒಂದಿಷ್ಟು ಒಡೀತದೆ, ಒಡ್ಕಳ್ಲಿ. ಆದ್ರೆ ಬಿತ್ನೆ ಬೀಜುಕ್ಕೆ? ನಮ್ಮವ್ವ ಇವತ್ತೂ ಜಗುಲಿ ಮ್ಯಾಲೆ ಕೂತು ಕೈಯಾಗೇ ಸುಲೀತಾಳೆ. ಮೂತಿ ಮುರ್ದ್ರೆ ಮೊಳಕೆ ಬರಲ್ಲ. ಹಾಕ್ಬುಡು. ನಿಧಾನುಕ್ಕೇ ಹಾಕು."

"ಗಂಡಿನ ಕಡೆಯವ್ರಿಗೆ?"

"ಅವ್ರಿಗೆ ಬೇಗ ಬೇಕಂತೆ. ಮಿಷನ್ನಿಂದು, ಅಕ್ಕಿ ಇಲ್ದಿದ್ದು ಕೊಡು" ಎಂದು ಅವನು ನಗದೆ ಹೇಳಿದ.

ಮೊದಲ ದಿನ ಮಧ್ಯಾಹ್ನ ಕರೆಂಟು ಹೋಯಿತು, ಯುಪಿಎಸ್ ಕಿರುಚಿ ಕಿರುಚಿ ಸತ್ತಿತು. ಎರಡನೆಯ ಸಲ ಕೋಣೆಯ ಕಾವಿಗೆ ಕಂಪ್ಯೂಟರೇ ನಿಂತಿತು. ಸಾದಿಕ್ ಅದರ ಪಕ್ಕದ ತಗಡು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟ. ನಾವು ಮೂವರೂ ಬೆವರುತ್ತಾ ಗೋಡೆಗೆ ಒರಗಿ ಕೂತೆವು. ಕಾದ ಧೂಳಿನ ಆ ವಾಸನೆ ಬಟ್ಟೆಗೆ ಹತ್ತಿಕೊಂಡು, ಸಂಜೆ ಕೊರಟಗೆರೆ ಬಸ್ಸಿನಲ್ಲೂ ನನ್ನ ಜೊತೆ ಬರುತ್ತಿತ್ತು. ಮಿಕ್ಕ ಮದುವೆಗಳು ಡಬ್ಬಿಯಲ್ಲೇ ಉಳಿದವು. ಜನ ಫೋನಿನಲ್ಲಿ ರೇಗಿದರು. ಗಂಗಣ್ಣ "ಆಯ್ತದೆ ಸ್ವಾಮಿ, ಹೂವ ಬೀಳುಸ್ತಾ ಇದೀವಿ" ಎಂದು ಸುಳ್ಳು ಹೇಳಿದ. ಮೂರನೆಯ ಸಲ ಹಾಕಿದ್ದು ದಡ ಮುಟ್ಟಿತು. ಓಡಿಸಿದೆವು. ಕಾಳುಗಳು ಕತ್ತಲಿನಿಂದ ಒಂದೊಂದಾಗಿ ಹೊರಬಂದವು. ಸಾದಿಕ್ ಪರದೆಯ ಮೇಲೆ ಬೆರಳಿಟ್ಟು ಮುಟ್ಟಿದ.

ಆ ವಾರವೇ ಗಂಗಣ್ಣ ಹೊಸ ಸಾಫ್ಟ್‌ವೇರನ್ನು ಕಾಸು ಕೊಟ್ಟು ಕೊಂಡ, ಕಾರ್ಡೂ ಉಳಿಯಿತು. ದಿನದ ಕೆಲಸವೆಲ್ಲ ಕಾರ್ಡಿನಿಂದ. ಕತ್ತಲಿನಲ್ಲಿ ಯಾರಾದರೂ ಇದ್ದ ಮದುವೆಯಾದರೆ ಕೊನೆಯ ರೆಂಡರ್ ನಿಧಾನಕ್ಕೆ. ನಮ್ಮ ಲೈಟ್ ಹಿಡಿಯುವವನಿಗೂ ಗಂಗಣ್ಣ ಏನೋ ಹೇಳಿದ್ದ. ಅಲ್ಲಿಂದಾಚೆಗೆ ಅವನು ಲೈಟು ತಿರುಗಿಸಿದ್ದನ್ನು ನಾನು ಚಿತ್ರಗಳಲ್ಲಿ ಕಾಣಲಿಲ್ಲ.

ಆಷಾಢದ ಗಾಳಿ ಶುರುವಾಗಿತ್ತು. ಮೋಡ ಬಂಡೆಯ ತಲೆ ಸವರಿ, ಹನಿ ಹಾಕದೆ ಆಂಧ್ರದ ಕಡೆ ಹೋಗುತ್ತಿತ್ತು. ಪಾವಗಡದ ಬಸ್ಸಿನಿಂದ ಶಶಿಕಲಾ ಇಳಿದು ಬಂದಳು. ಜೊತೆಗೆ ತಾಯಿ. ಹೆಸರು ಲಕ್ಷ್ಮೀದೇವಮ್ಮ. ಆಕೆ ಹೊಸಲಿನ ಹತ್ತಿರವೇ ನಿಂತರು. ಸಾದಿಕ್ ಕುರ್ಚಿ ತಂದು ಪರದೆಯ ಎದುರಿಗೆ, ಎಲ್ಲರಿಗಿಂತ ಮುಂದೆ ಹಾಕಿದ.

"ಅಷ್ಟು ಮುಂದುಕ್ಯಾಕಪ್ಪಾ, ನಾನು ಇಲ್ಲೇ ಇರ್ತೀನಿ" ಎಂದರು.

"ಹಿಂದೆ ನಿಂತ್ರೆ ಕಾಣಲ್ಲ ಅಮ್ಮಾ, ಬನ್ನಿ" ಎಂದ ಸಾದಿಕ್.

ಬಂದು ಕುರ್ಚಿಯ ತುದಿಯಲ್ಲಿ ಕೂತರು. ನಾನು ಕಂಬದ ಭಾಗದಿಂದಲೇ ಓಡಿಸಿದೆ. ತಾಯಿಯ ಮುಖ ಕಂಡ ಕೂಡಲೇ ಶಶಿಕಲಾ ಅವರ ಹೆಗಲು ಹಿಡಿದಳು. ಸೆರಗಿನ ಗಂಟು ಬಿಚ್ಚಿತು. ಕೈ ಎದ್ದಿತು. ಅಕ್ಕಿ ಹಾರಿತು. ಶಶಿಕಲಾ ತಾಯಿಯ ತಲೆಯ ಮೇಲೆ ತನ್ನ ಗಲ್ಲ ಊರಿ ಅಳುತ್ತಿದ್ದಳು. ಲಕ್ಷ್ಮೀದೇವಮ್ಮ ಮಾತ್ರ ಮುಂದಕ್ಕೆ ಬಾಗಿ ನೆಲದ ಮೇಲಿನ ಕಾಳುಗಳನ್ನೇ ನೋಡುತ್ತಿದ್ದರು.

"ಅಯ್ಯೋ. ಅಲ್ಲೇ ಬಿದ್ದೋಯ್ತಾ? ತಲುಪ್ತು ಅಂದ್ಕೊಂಡಿದ್ನಲ್ಲಮ್ಮಾ ನಾನು."

ನನ್ನ ಕೈ ಮೌಸಿನ ಮೇಲೇ ನಿಂತಿತು. ಈ ಮಾತು ಬರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಅಷ್ಟು ದಿನ ಆಕೆ ತನ್ನ ಅಕ್ಕಿ ಮಗಳ ತಲೆಯ ಮೇಲೆ ಬಿದ್ದಿದೆಯೆಂದು ತಿಳಿದಿದ್ದರು. ಮೂರು ಸಲ ಕಂಪ್ಯೂಟರ್ ಕಾಯಿಸಿ, ಬಿದ್ದಿಲ್ಲ ಎಂಬುದನ್ನು ಕಾಳು ಕಾಳಾಗಿ ತೋರಿಸಿದವರು ನಾವು. ಸಾದಿಕ್ ನೆಲ ನೋಡುತ್ತಿದ್ದ.

ಶಶಿಕಲಾ ಕಣ್ಣೊರೆಸಿಕೊಂಡಳು. "ಊಟಕ್ಕೆ ಹೋಗ್‌ಬೇಕಾದ್ರೆ ಅದೇ ಪಕ್ಕದಿಂದ ಹೋದ್ವಿ ಕಣಮ್ಮ. ಬರಿಗಾಲು, ಅಕ್ಕಿ ಒತ್ತಿತ್ತು. ಯಾವ ದರಿದ್ರದೋರು ಇಲ್ಲಿ ಚೆಲ್ಲವ್ರೆ ಅಂತ ಬೈಕೊಂಡೆ."

ಅದು ನಿಜವೋ, ಆ ಗಳಿಗೆಯಲ್ಲಿ ಹೊಳೆದದ್ದೋ ನಾನು ಹೇಳಲಾರೆ. ಅದನ್ನು ತೋರಿಸುವ ಚಿತ್ರ ನಮ್ಮಲ್ಲಿರಲಿಲ್ಲ.

"ಅವುನಾ? ಬೈದ್ಯಾ ನನ್ನ?" ಎಂದು ತಾಯಿ ನಕ್ಕರು. ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ನನ್ ಮುಕ ಸಾಕು ಬುಡವ್ವ, ದಿನಾ ಕನ್ನಡೀಲಿ ನೋಡ್ತೀನಿ. ಇವ್ಳ ಮುಕ ಐತಾ? ಆವತ್ತು ಕಂಬದಿಂದ ನಂಗೆ ಬರೀ ಬೆನ್ನು ಕಂಡಿದ್ದು."

ಇತ್ತು. ಮುಖ್ಯ ಕ್ಯಾಮೆರಾದಲ್ಲಿ ಎಲ್ಲರೂ ನೋಡಿದ್ದ, ಯಾವ ರೆಂಡರಿನಲ್ಲೂ ಕೆಡದ ಚಿತ್ರ. ತುಂಬು ಬೆಳಕಿನಲ್ಲಿ ಮದುಮಗಳ ಮುಖ. ಹಾಕಿದೆ. ಪರದೆಯ ಮೇಲೆ ಶಶಿಕಲಾ ಬಗ್ಗಿಸಿದ್ದ ತಲೆಯನ್ನು ಎತ್ತಿದಳು. ಬಾಸಿಂಗದ ಕೆಳಗಿಂದ ಅವಳ ಕಣ್ಣು ಒಂದು ಬದಿಯ ಜನರ ಮೇಲೆ ಹರಿದು, ಇನ್ನೊಂದು ಬದಿಗೆ ಹೋಗಿ, ಮತ್ತೆ ಹಿಂದಕ್ಕೆ ಬಂತು.

"ಯಾರ್‌ನೇ ಹಂಗ್ ಹುಡುಕ್ತಾ ಇದೀಯ?" ಎಂದರು ಲಕ್ಷ್ಮೀದೇವಮ್ಮ, ಪರದೆಯ ಮೇಲಿನ ಮಗಳಿಗೇ ಕೇಳುವ ಹಾಗೆ.

ಹಿಂದೆ ನಿಂತಿದ್ದ ಶಶಿಕಲಾ ತಾಯಿಯ ಹೆಗಲನ್ನು ಒತ್ತಿದಳು. ಸ್ವಲ್ಪ ಹೊತ್ತಿಗೆ ತಾಯಿಗೇ ತಿಳಿಯಿತು. ನಾನು ನಿಲ್ಲಿಸಬೇಕೆಂದು ಕೈ ಮುಂದೆ ಮಾಡಿದೆ. ಆಕೆ ನನ್ನ ಕೈ ಹಿಡಿದರು.

"ನಿಲ್ಸ್‌ಬ್ಯಾಡಮ್ಮಾ" ಎಂದರು, "ಓಡ್ಲಿ."